ಕಲ್ಲಿನ ಭಾರ, ಕಣ್ಣಿನ ಭಾರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಜಾತ್ರೆಯೆಂದರೆ ಕಲ್ಲು ಎತ್ತುವ ಪಂದ್ಯವೂ ಉಂಟು. ಗೆದ್ದವರನ್ನು ಎಲ್ಲರೂ ನೋಡುತ್ತಾರೆ. ಮುಂದೆ ಬರಲು ಅಳುಕಿ ಗುಂಪಿನಲ್ಲೇ ಉಳಿದ ತರುಣರತ್ತ ನನ್ನ ಗಮನ ಹರಿಯುತ್ತದೆ. ಕಲ್ಲಿನ ಭಾರಕ್ಕಿಂತ ನೋಡುವವರ ಕಣ್ಣಿನ ಭಾರವೇ ಅವರಿಗೆ ಹೆಚ್ಚು.

ನಮ್ಮ ಗರಡಿಮನೆ ಈ ಅಂಜಿಕೆಯನ್ನು ಬಲ್ಲದು. ಅಲ್ಲಿ ಹೊಸಬನು ಮೊದಲು ಕೆಮ್ಮಣ್ಣನ್ನು ಮುಟ್ಟಿ ನಮಸ್ಕರಿಸಿ, ಅದನ್ನು ಅಗೆದು ಹದಮಾಡಬೇಕು. ಆಮೇಲೆ ದಂಡ, ಬೈಠಕ್. ಅನಂತರ ಹಗುರವಾದ ಮರದ ಗದೆ. ಕಲ್ಲಿನ ಸರದಿ ಬರುವ ಹೊತ್ತಿಗೆ ಆತ ಆ ಮನೆಯವನೇ ಆಗಿರುತ್ತಾನೆ. ಎತ್ತುವುದಕ್ಕೂ ಕ್ರಮವಿದೆ: ಕುಕ್ಕರಿಸಿ ಕಲ್ಲನ್ನು ತಬ್ಬಿ ತೊಡೆಗೆ, ಎದೆಗೆ, ಕಡೆಗೆ ಹೆಗಲಿಗೆ.

ಭಾರವೆಂಬುದು ದೊಡ್ಡ ಮೈಯವರ ಸೊತ್ತೂ ಅಲ್ಲ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವರ್ಗದಲ್ಲಿ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ, ಎರಡು ಬಗೆಯ ಎತ್ತುಗಳಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯ ಪದಕ ಪಡೆದರು.

ಇಂದು ಜಿಮ್ಮಿನ ಹೊಸ್ತಿಲಲ್ಲಿ ಸಂಕೋಚದಿಂದ ನಿಂತ ನೇಕಾರರ ಮನೆಯ ಹುಡುಗನಿಗೂ ಹುಡುಗಿಗೂ ನನ್ನ ಮಾತು ಇಷ್ಟೇ: ಸಣ್ಣ ತೂಕದಿಂದ ತೊಡಗಿರಿ, ತಿಳಿದವರನ್ನು ಕೇಳಿರಿ. ಒಳಗಿರುವ ಬಲ್ಲವರಲ್ಲಿಯೂ ಒಂದು ಬಿನ್ನಹ: ಹೊಸಬರನ್ನು ನೋಡಿ ನಗದಿರಿ, ಹಿಡಿತ ಹೇಗೆಂದು ತೋರಿಸಿಕೊಡಿರಿ. ಗರಡಿಯಲ್ಲಿ ಉಸ್ತಾದರು ಮಾಡುತ್ತ ಬಂದ ಕೆಲಸ ಅದೇ.