ವಿದ್ಯೆಯ ಫಲವನ್ನು ತೂಗುವ ತಕ್ಕಡಿ
(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



“ದೊಡ್ಡ ದೊಡ್ಡ ವಿದ್ವಾಂಸರು ಸಂಶೋಧನೆ ಮಾಡುತ್ತಾರಂತೆ, ಅದರಿಂದ ನಮಗೇನು ಬಂತು?” ಎಂದು ನಿಮ್ಮಲ್ಲಿ ಹಲವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ನೀವು ಕೊಳ್ಳುವ ಸಾಬೂನಿನ ಮೇಲೂ ತೆರಿಗೆಯಿದೆ. ಜನರ ತೆರಿಗೆಯಿಂದ ನಡೆಯುವ ವಿದ್ಯಾಲಯ ಜನರಿಗೆ ಲೆಕ್ಕ ಒಪ್ಪಿಸಬೇಕು.

ಬ್ರಿಟನ್ನಿನಲ್ಲಿ ಈ ಪ್ರಶ್ನೆಯನ್ನು ಸರಕಾರವೇ ಎತ್ತಿಕೊಂಡಿತು. ವಿಶ್ವವಿದ್ಯಾನಿಲಯಗಳ ಸಂಶೋಧನೆಗೆ ದರ್ಜೆ ಕೊಡುವ ಪರೀಕ್ಷೆ ಅಲ್ಲಿ 1986ರಲ್ಲೇ ಆರಂಭವಾಗಿತ್ತು. 2014ರ ಪರೀಕ್ಷೆಯಲ್ಲಿ ಹೊಸದೊಂದು ಅಂಶ ಸೇರಿತು: ಸಂಶೋಧನೆಯಿಂದ ಹೊರಗಿನ ಸಮಾಜಕ್ಕೆ ಏನು ಪರಿಣಾಮವಾಯಿತು? ಅದಕ್ಕೆ ನೂರಕ್ಕೆ 20 ಪಾಲು. 2021ರಲ್ಲಿ 25 ಪಾಲು. 2014ರಲ್ಲಿ 154 ಸಂಸ್ಥೆಗಳು 6,975 ಪರಿಣಾಮ ವರದಿಗಳನ್ನು ಒಪ್ಪಿಸಿದವು. ದರ್ಜೆಗೆ ತಕ್ಕಂತೆ ಸರಕಾರದ ಹಣ.

ಇದರಿಂದ ಒಳ್ಳೆಯದೂ ಆಯಿತು. ಆಸ್ಪತ್ರೆ, ಪುರಸಭೆಗಳ ಜೊತೆಗೂಡಿ ದುಡಿಯುತ್ತಿದ್ದ ಅಧ್ಯಾಪಕರ ಕೆಲಸಕ್ಕೂ ಲೆಕ್ಕದಲ್ಲಿ ಸ್ಥಾನ ದೊರೆಯಿತು. ಆದರೆ ಇನ್ನೊಂದು ಮಗ್ಗುಲಿದೆ. ನಾನು ಮೇಷ್ಟರಾಗಿದ್ದಾಗ ಇನ್‌ಸ್ಪೆಕ್ಟರು ಬರುವ ದಿನ ಜಾಣ ಹುಡುಗರನ್ನು ಮುಂದಿನ ಸಾಲಿಗೆ ಕೂರಿಸುತ್ತಿದ್ದೆವು. ಹಿಂದಿನ ಸಾಲಿನ ಹುಡುಗ ಅಲ್ಲೇ ಉಳಿಯುತ್ತಿದ್ದ. ಅಲ್ಲಿಯೂ ಹಾಗೆಯೇ. ಪರಿಣಾಮದ ವರದಿಗಾಗಿಯೇ ನೌಕರರನ್ನು ನೇಮಿಸಿಕೊಂಡ ವಿಶ್ವವಿದ್ಯಾನಿಲಯಗಳುಂಟು. 2014ರ ನಿಯಮದಂತೆ ಪರಿಣಾಮವು 2008ರಿಂದ 2013ರೊಳಗೆ ಕಾಣಿಸಿಕೊಂಡಿರಬೇಕಿತ್ತು. ಹೀಗಾದಾಗ ಬೇಗ ಫಲ ತೋರುವ ವಿಷಯದ ಕಡೆಗೆ ಮನಸ್ಸು ವಾಲುವುದು ಸಹಜ. ವರ್ತಕ ಮಿತ್ರರೇ, ತಕ್ಕಡಿಗೆ ಬಾರದ ಮಾಲನ್ನು ಅಂಗಡಿಗೆ ಯಾರು ತರಿಸುತ್ತಾರೆ?

ಈಗ ಬೇರೊಂದು ಚಿತ್ರ ನೋಡಿ. 1950ರ ಸುಮಾರಿಗೆ ಮ್ಯಾಂಚೆಸ್ಟರಿನ ವೈದ್ಯ ರಿಚರ್ಡ್ ಶಿಲ್ಲಿಂಗ್ ಲ್ಯಾಂಕಶೈರಿನ ಹತ್ತಿ ಗಿರಣಿಗಳಲ್ಲಿ ಧೂಳಿನಿಂದ ಬರುವ ಶ್ವಾಸರೋಗವನ್ನು ಅಭ್ಯಸಿಸಿದರು. ರಜೆ ಕಳೆದು ಸೋಮವಾರ ಕೆಲಸಕ್ಕೆ ಬಂದಾಗ ಎದೆ ಬಿಗಿಯುತ್ತದೆಯೇ ಎಂಬುದು ಅವರ ಮುಖ್ಯ ಪ್ರಶ್ನೆಗಳಲ್ಲೊಂದು. ಅದರ ಉತ್ತರ ಯಾವ ಗ್ರಂಥದಲ್ಲೂ ಇರಲಿಲ್ಲ, ದುಡಿಯುವವನ ಎದೆಯಲ್ಲಿತ್ತು. ಆಗ ಈ ಅಂಕಪಟ್ಟಿಯೂ ಇರಲಿಲ್ಲ.

ಆದ್ದರಿಂದ ಲೆಕ್ಕವೇ ಬೇಡವೆಂದು ನಾನು ಹೇಳುವುದಿಲ್ಲ. ಲೆಕ್ಕ ಕೇಳದಿದ್ದರೆ ವಿದ್ಯೆ ಕೆಲವರ ಸೊತ್ತಾಗಿ ಉಳಿದೀತು. ಆದರೆ ಲೆಕ್ಕವನ್ನು ಕಾಗದಕ್ಕೂ ಖಜಾನೆಗೂ ಒಪ್ಪಿಸಿ ನಾವು ಸುಮ್ಮನೆ ಕೂತರೆ, ವಿದ್ವಾಂಸನು ಕಾಗದವನ್ನು ಮೆಚ್ಚಿಸಲು ಕಲಿಯುತ್ತಾನೆ, ನಮ್ಮನ್ನಲ್ಲ. “ಫಲವೇನು?” ಎಂದು ಕೊನೆಗೆ ಕೇಳಿದರೆ ಸಾಲದು, “ಯಾರ ಕಷ್ಟದಿಂದ ಈ ಪ್ರಶ್ನೆ ಹುಟ್ಟಿತು?” ಎಂದು ಮೊದಲೇ ಕೇಳಬೇಕು. ನಿಮ್ಮ ಸಂಘದ ಮುಂದಿನ ಸಭೆಗೆ ಒಬ್ಬ ಅಧ್ಯಾಪಕರನ್ನು ಕರೆಯಿರಿ. ಭಾಷಣ ಕೇಳುವುದಕ್ಕಲ್ಲ, ನಿಮ್ಮ ಸೋಮವಾರದ ಕೆಮ್ಮಿನ ಕಥೆ ಹೇಳುವುದಕ್ಕೆ.