ಬೀಜ ಮೊಳೆಯುತ್ತಾ? ಎಣಿಸಿ ನೋಡಿ



ಮಳೆ ಬಂತು. ಹಿತ್ತಲಿಗೆ ಬೀಜ ಹಾಕಿದ್ವಿ. ಹತ್ತು ದಿನ ಕಾದ್ವಿ. ಒಂದೂ ಹುಟ್ಟಲಿಲ್ಲ. ಆಗ ಏನಂತೀವಿ? "ನನ್ನ ಕೈಗುಣ ಸರಿಯಿಲ್ಲ" ಅಂತೀವಿ. ಇಲ್ಲವೇ ಮಣ್ಣನ್ನು ಬೈತೀವಿ. ಆದರೆ ಎಷ್ಟೋ ಸಲ ಮಣ್ಣಿಗೆ ಬೀಳೋ ಮುಂಚೆಯೇ ಬೀಜ ಸತ್ತಿರುತ್ತೆ.

ಕಡೂರು ಸೀಮೆಯಲ್ಲಿ ಮಳೆ ಕಡಿಮೆ. ಒಂದು ಹದ ತಪ್ಪಿದರೆ ಮತ್ತೆ ಯಾವಾಗ ಸಿಗುತ್ತೋ! ಎರಡನೇ ಸಲ ಬೀಜ ಕೊಳ್ಳೋದಕ್ಕೆ ದುಡ್ಡು ಎಲ್ಲಿಂದ ತರೋಣ?

ಬೀಜಕ್ಕೆ ಜೀವ ಇದೆ. ಅದೂ ಉಸಿರಾಡುತ್ತೆ. ಅದಕ್ಕೂ ವಯಸ್ಸಾಗುತ್ತೆ. ಬದನೆ, ಟೊಮ್ಯಾಟೊ ಬೀಜ ಒಣಗಿಸಿಟ್ಟರೆ ಮೂರು ವರ್ಷ ತಡೆಯುತ್ತೆ. ಈರುಳ್ಳಿ ಬೀಜ ಹಾಗಲ್ಲ. ಮನೆಯಲ್ಲಿಟ್ಟರೆ ಒಂದು ವರ್ಷ, ಆಮೇಲೆ ನಂಬೋ ಹಾಗಿಲ್ಲ. ಕಡೂರು, ಅಜ್ಜಂಪುರದಲ್ಲಿ ಈರುಳ್ಳಿ ಹಾಕೋರು ಇದನ್ನು ಮರೀಬಾರದು. ಸೆಕೆ, ತೇವ ಎರಡೂ ಸೇರಿದರೆ ಬೀಜ ಇನ್ನೂ ಬೇಗ ಕೆಡುತ್ತೆ. ಬಟ್ಟೆ ಗಂಟಿನಲ್ಲಿಟ್ಟ ಬೀಜ ಮಳೆಗಾಲದ ತೇವ ಹೀರುತ್ತೆ. ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಅಜ್ಜಿಯರು ಬೂದಿ ಬೆರೆಸಿ ಇಡ್ತಿದ್ರಲ್ಲ, ಅದು ಒಳ್ಳೇ ಪದ್ಧತಿ.

ಬೀಜ ಬದುಕಿದೆಯೋ ಇಲ್ಲವೋ ತಿಳಿಯೋದು ಹೇಗೆ? ನೂರು ಬೀಜ ಎಣಿಸಿ. ಒದ್ದೆ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಸುರುಳಿ ಸುತ್ತಿ, ನೆರಳಲ್ಲಿಡಿ. ದಿನಾ ನೀರು ಚಿಮುಕಿಸಿ. ಬಟ್ಟೆ ಒಣಗಬಾರದು, ನೀರು ನಿಲ್ಲಲೂ ಬಾರದು. ಈರುಳ್ಳಿ ಆದರೆ ಆರನೇ ದಿನ ಬಿಚ್ಚಿ ಎಣಿಸಿ. ಹನ್ನೆರಡನೇ ದಿನ ಮತ್ತೆ ಎಣಿಸಿ. ನೂರಕ್ಕೆ 70 ಮೊಳೆತರೆ ಧೈರ್ಯವಾಗಿ ಬಿತ್ತಿ. 50 ಮೊಳೆತರೆ ಬೀಜ ಹೆಚ್ಚು ಬೇಕು. ಅದಕ್ಕೂ ಕಡಿಮೆಯೋ? ಆ ಬೀಜಕ್ಕೆ ಮಳೆ ಹದ ಕಳಕೊಳ್ಳಬೇಡಿ.

ಅಂಗಡಿ ಬೀಜ ಆದರೆ ಚೀಟಿ ಓದಿ. ನಾವು ಅಕ್ಷರ, ಅಂಕಿ ಕಲಿತದ್ದು ಸಹಿ ಹಾಕೋದಕ್ಕೆ ಮಾತ್ರ ಅಲ್ಲ ಕಣ್ರೀ! 1966ರಲ್ಲಿ ಬೀಜ ಕಾಯ್ದೆ ಬಂತು. ಮೊಳಕೆ ಪ್ರಮಾಣಕ್ಕೆ ಕನಿಷ್ಠ ಮಟ್ಟ ಗೊತ್ತುಮಾಡಿದರು. ಈರುಳ್ಳಿಗೆ ನೂರಕ್ಕೆ 70, ಬೆಂಡೆಗೆ 65, ಮೆಣಸಿನಕಾಯಿಗೆ 60. ಪರೀಕ್ಷೆ ಮಾಡಿದ ತಾರೀಖೂ ಚೀಟಿಯಲ್ಲಿರುತ್ತೆ. ಇಂಗ್ಲಿಷಿನಲ್ಲಿದ್ದರೆ ಶಾಲೆ ಮಕ್ಕಳ ಕೈಲಿ ಓದಿಸಿ. ಅಂಕಿ ಮಾತ್ರ ನೀವೇ ನೋಡಿ. ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಸವರಿರುತ್ತಾರೆ. ಮಕ್ಕಳ ಕೈಗೆ ಕೊಡಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ.

ಇನ್ನು ಬಿತ್ತೋ ಮಾತು. ಬೀಜ ಎಷ್ಟು ದಪ್ಪವೋ ಅದರ ಎರಡು ಮೂರರಷ್ಟು ಆಳ ಸಾಕು. ಸಣ್ಣ ಬೀಜವನ್ನು ಆಳಕ್ಕೆ ಹಾಕಿದರೆ ಮೊಳಕೆ ಮೇಲೆ ಬರೋಷ್ಟರಲ್ಲಿ ಸೋತುಹೋಗುತ್ತೆ. ಅಜ್ಜಂಪುರದ ಎರೆಮಣ್ಣಿನಲ್ಲಿ ನೀರು ನಿಂತರೆ ಬೀಜ ಕೊಳೆಯುತ್ತೆ. ಅಲ್ಲಿ ಮಡಿ ಎತ್ತರಿಸಿ. ಕೆಮ್ಮಣ್ಣು ಜೋರು ಮಳೆ ಬಿದ್ದು ಬಿಸಿಲಾದರೆ ಹಪ್ಪಳದಂತೆ ಗಟ್ಟಿಯಾಗುತ್ತೆ. ಅದಕ್ಕೆ ಜರಡಿ ಹಿಡಿದ ಗೊಬ್ಬರ, ಮರಳು ಬೆರೆಸಿ ಬೀಜದ ಮೇಲೆ ಉದುರಿಸಿ. ಹುಲ್ಲು ಮುಚ್ಚಿ. ಮೊಳಕೆ ಕಂಡ ದಿನವೇ ಹುಲ್ಲು ತೆಗೀರಿ. ಹಾಗಲದ ಸಿಪ್ಪೆ ಗಟ್ಟಿ. ಅದನ್ನು ಒಂದು ರಾತ್ರಿ ನೆನೆಸಿ ಹಾಕಿ.

ತರೀಕೆರೆ ಕಡೆಯ ಅಕ್ಕಂದಿರು ಕೇಳಬಹುದು, "ಅಡಿಕೆಗೂ ಇದೇನಾ ಮೇಷ್ಟ್ರೇ?" ಇಲ್ಲಮ್ಮ, ಅಡಿಕೆಯದು ಪೂರಾ ಉಲ್ಟಾ. ಬೀಜದ ಅಡಿಕೆ ಒಣಗಬಾರದು. ಹಣ್ಣಡಿಕೆ ಇಳಿಸಿದ ಕೂಡಲೇ ಸಿಪ್ಪೆ ಸಮೇತ ಮರಳಿನಲ್ಲಿ ಊರಬೇಕು. ತೊಟ್ಟು ಮೇಲಿರಬೇಕು. ಊರುವ ಮುಂಚೆ ನೀರಿಗೆ ಹಾಕಿ ನೋಡಿ. ತೊಟ್ಟು ಮೇಲಾಗಿ ನೆಟ್ಟಗೆ ತೇಲಿದ ಅಡಿಕೆಯಿಂದ ಗಟ್ಟಿ ಸಸಿ ಬರುತ್ತೆ. ಮೊಳಕೆ ಕಾಣೋದಕ್ಕೆ ಸುಮಾರು ಒಂದೂವರೆ ತಿಂಗಳು ಬೇಕು. ಅವಸರಪಟ್ಟು ಕೆದಕಬೇಡಿ.

ಕೊನೆಗೆ ಒಂದು ಮಾತು. ಕೊಂಡ ಬೀಜದ ಬಿಲ್ಲು, ಚೀಟಿ, ಒಂದು ಚಿಟಿಕೆ ಬೀಜ ಎತ್ತಿಡಿ. ಬೀಜ ಹುಟ್ಟದಿದ್ದರೆ ಇವನ್ನು ಹಿಡಿದು ತಾಲ್ಲೂಕಿನ ತೋಟಗಾರಿಕೆ ಇಲಾಖೆಗೆ ಹೋಗಿ. ಅರ್ಜಿ ಬರೆದುಕೊಡಿ. ಅದರ ಒಂದು ನಕಲು ನಿಮ್ಮ ಹತ್ತಿರ ಇರಲಿ.