ಕೆಸರು ಗುಂಡಿಗೂ ಟಿಕೆಟ್

(ನಮ್ಮ ಬಳಗದ ವಾರ್ಷಿಕ ಕೂಟದಲ್ಲಿ ಆಡಿದ ಮಾತು)

ನಾನು ಭಾಷಣಕಾರ ಅಲ್ಲ. ಶಿವಮೊಗ್ಗ ಜಿಲ್ಲೆಯವನು. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಈಗ ಹೌನ್ಸ್ಲೋ ಕಡೆ ವೈರಿಂಗ್ ಕೆಲಸ ಮಾಡ್ತೀನಿ. ಮಕ್ಕಳ ಪಾರ್ಕುಗಳ ಬಗ್ಗೆ ನಾಲ್ಕು ಮಾತು ಆಡು ಅಂದ್ರು, ಒಪ್ಕೊಂಡೆ.

ಪೆಪ್ಪಾ ಪಿಗ್ ಹೆಸರು ಕೇಳದ ಮನೆ ನಮ್ಮಲ್ಲಿ ಇಲ್ಲ. 2004ರಲ್ಲಿ ಚಾನೆಲ್ 5ರಲ್ಲಿ ಶುರುವಾದ ಕಾರ್ಟೂನ್ ಅದು. 2011ರ ಏಪ್ರಿಲ್‌ನಲ್ಲಿ ಹ್ಯಾಂಪ್‌ಶೈರ್‌ನ ಪೌಲ್ಟನ್ಸ್ ಪಾರ್ಕ್ ಒಳಗೆ ಪೆಪ್ಪಾ ಪಿಗ್ ವರ್ಲ್ಡ್ ತೆರೆಯಿತು. ಪೌಲ್ಟನ್ಸ್ ಮಾತ್ರ 1983ರಿಂದಲೇ ಇದೆ. ಮೊದಲು ಹಕ್ಕಿಗಳು, ಹೂದೋಟ ನೋಡೋ ಜಾಗವಾಗಿತ್ತು. ನಮ್ಮ ಗ್ರೇಟರ್ ಲಂಡನ್ ಒಳಗೇ ಬೇಕು ಅಂದ್ರೆ ಚೆಸಿಂಗ್ಟನ್ ಇದೆ. 1931ರಲ್ಲಿ ಮೃಗಾಲಯ, 1987ರಲ್ಲಿ ಥೀಮ್ ಪಾರ್ಕ್. ವಾಟರ್‌ಲೂನಿಂದ ರೈಲು ಹತ್ತಿದ್ರೆ ಚೆಸಿಂಗ್ಟನ್ ಸೌತ್‌ನಲ್ಲಿ ಇಳೀಬಹುದು.

ಖರ್ಚಿನ ಮಾತು ಬಿಡೋಕಾಗಲ್ಲ. ಓವರ್‌ಟೈಮ್ ಲೆಕ್ಕ ಹಾಕಿ ಬದುಕೋ ನಮಗೆ ನಾಲ್ಕು ಟಿಕೆಟ್ ಅಂದ್ರೆ ಸಣ್ಣದಲ್ಲ. ಪೌಲ್ಟನ್ಸ್‌ನಲ್ಲಿ ಒಂದು ಮೀಟರ್‌ಗಿಂತ ಕುಳ್ಳಗಿರೋ ಮಕ್ಕಳಿಗೆ ಟಿಕೆಟ್ ಇಲ್ಲ. ಮಗು ಬೆಳೆಯೋ ಮುಂಚೆ ಒಮ್ಮೆ ಹೋಗಿ ಬನ್ನಿ. ಬುತ್ತಿ ಕಟ್ಕೊಂಡು ಹೋಗಿ, ಚಿತ್ರಾನ್ನ ಅಲ್ಲೂ ಹಳಸಲ್ಲ!

ಈಗ ನನ್ನ ಕಸುಬಿನ ಮಾತು. ಜನ ಬಣ್ಣ ನೋಡಿದ್ರೆ ನಾನು ಪ್ಯಾನೆಲ್ ಕಡೆ ನೋಡ್ತೀನಿ. ಈ ದೇಶದಲ್ಲಿ ರೈಡ್‌ಗಳನ್ನು ವರ್ಷಕ್ಕೊಮ್ಮೆ ಹೊರಗಿನ ತಜ್ಞರು ಪರೀಕ್ಷೆ ಮಾಡೋದಕ್ಕೆ ಅಡಿಪ್ಸ್ ಅನ್ನೋ ವ್ಯವಸ್ಥೆ ಇದೆ. ಅದರ ಜೊತೆ ದಿನಾ ಬೆಳಿಗ್ಗೆ ಗೇಟ್ ತೆರೆಯೋ ಮುಂಚೆ ತಪಾಸಣೆ. ತುರ್ತು ಸ್ಟಾಪ್ ಬಟನ್‌ನ ಕಾಂಟ್ಯಾಕ್ಟ್ ನಾರ್ಮಲಿ ಕ್ಲೋಸ್ಡ್ ಇರುತ್ತೆ. ಬಟನ್ ಒತ್ತಿದ್ರೂ ಸರ್ಕ್ಯೂಟ್ ಕಡಿಯುತ್ತೆ, ಆ ವೈರ್ ತುಂಡಾದ್ರೂ ಕಡಿಯುತ್ತೆ. ಎರಡರಲ್ಲೂ ರೈಡ್ ನಿಲ್ಲಲೇಬೇಕು. ಅದಕ್ಕೇ ರೈಡ್ ಥಟ್ಟನೆ ನಿಂತಾಗ ಅಲ್ಲಿನ ಹುಡುಗರನ್ನ ಬೈಬೇಡಿ. ನಿಂತಿದೆ ಅಂದ್ರೆ ಸುರಕ್ಷತೆ ಕೆಲಸ ಮಾಡ್ತಿದೆ ಅಂತ. ಎತ್ತರದ ಕೋಲಿನ ಹತ್ತಿರವೂ ಜಗಳ ಬೇಡ. ತೊಡೆ ಮೇಲಿನ ಕಂಬಿ ಅಷ್ಟು ಎತ್ತರದ ಮೈಗೆ ಲೆಕ್ಕ ಹಾಕಿ ಮಾಡಿದ್ದು, ನಮ್ಮ ಆಸೆಗಲ್ಲ.

ಕೊನೆಯದಾಗಿ ಒಂದು ಮಾತು. ಪೆಪ್ಪಾಗೆ ಬಲು ಇಷ್ಟ ಕೆಸರು ಗುಂಡಿಯಲ್ಲಿ ಕುಣಿಯೋದು. ನಮ್ಮ ಮಲೆನಾಡಲ್ಲಿ ಜೂನ್ ಬಂದ್ರೆ ಅದು ಪುಕ್ಕಟೆ, ಮೇಲೆ ಅವ್ವನ ಬೈಗುಳ ಬೇರೆ. ಇಲ್ಲಿನವರು ಅದನ್ನ ಕತೆ ಮಾಡಿದ್ರು. ಕತೆ ಏಳು ವರ್ಷ ಮನೆಮನೆಯಲ್ಲಿ ಓಡಾಡಿತು, ಆಮೇಲೆ ಪಾರ್ಕ್ ಬಂತು. ನಮ್ಮಲ್ಲೂ ಹಾಗೇ ಆಗಿದೆ. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಿದ್ದು ಎಂಬತ್ತರ ದಶಕದಲ್ಲಿ. ಅದರಲ್ಲಿ ಕಾಣಿಸಿದ ನಮ್ಮ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯ್ತು. ಅಷ್ಟು ವರ್ಷ ಜನ ಸ್ವಾಮಿಯನ್ನ ಮರೆಯಲಿಲ್ಲ, ಅದಕ್ಕೆ ಆಯ್ತು.

ಅಂದ್ರೆ ಕತೆ ಮೊದಲು ಮನೆಯೊಳಗೆ ಬರಬೇಕು. ನಮ್ಮ ಮಕ್ಕಳು ಪೆಪ್ಪಾ ನೋಡ್ಲಿ, ತಪ್ಪೇನಿಲ್ಲ. ಆದ್ರೆ ‘ಕೆಸರು’ ಅನ್ನೋ ಪದ ಅವರಿಗೆ ಹೇಳಿಕೊಡೋ ಟೀವಿ ಈ ಊರಲ್ಲಿಲ್ಲ. ಅದು ನೀವೇ, ನಾವೇ. ಶಿಫ್ಟ್ ಮುಗಿಸಿ ಬಂದು ಸುಸ್ತಾಗಿರುತ್ತೆ, ನನಗೂ ಆಗುತ್ತೆ. ಆದರೂ ಮಲಗೋ ಮುಂಚೆ ಹತ್ತು ನಿಮಿಷ, ಕನ್ನಡದಲ್ಲಿ ಒಂದು ಕತೆ. ಇದಕ್ಕೆ ಟಿಕೆಟ್ ಇಲ್ಲ, ಎತ್ತರದ ಅಳತೆಯೂ ಇಲ್ಲ.

ಬರೋ ಬೇಸಿಗೆಗೆ ಎಲ್ಲ ಸೇರಿ ಒಂದು ಬಸ್ ಮಾಡೋಣ. ದಾರಿಯುದ್ದಕ್ಕೂ ಕತೆ ಹೇಳೋ ಜವಾಬ್ದಾರಿ ದೊಡ್ಡವರದ್ದು. ಒಪ್ಪಿಗೆ ಇದ್ದವರು ಊಟದ ಹೊತ್ತಲ್ಲಿ ನನಗೆ ಹೆಸರು ಕೊಡಿ.